ಪ್ಲಾಟಿಪಸ್‌ನ ಮನೆ ಇರುವುದು ದಡದಲ್ಲಿ



ಪ್ಲಾಟಿಪಸ್‌ನ ಚಿತ್ರ ನೋಡಿದವರೆಲ್ಲ ಮೊದಲು ಗಮನಿಸುವುದು ಬಾತುಕೋಳಿಯದರಂಥ ಅದರ ಕೊಕ್ಕನ್ನು. 1799ರಲ್ಲಿ ಈ ಪ್ರಾಣಿಯನ್ನು ವಿವರಿಸಿದ ಇಂಗ್ಲೆಂಡಿನ ಜಾರ್ಜ್ ಶಾ ಅವರಿಗೂ ಇದು ಯಾರದೋ ಕೈಚಳಕವಿರಬಹುದೇ ಎಂಬ ಅನುಮಾನ ಬಂದಿತ್ತು. ಆದರೆ ಪರದೆಯ ಮೇಲೆ ಈ ಪ್ರಾಣಿ ಕಂಡಾಗ ನೀವು ಕೊಕ್ಕಿನ ಜೊತೆಗೆ, ಅದರ ಹಿಂದಿರುವ ದಡವನ್ನೂ ನೋಡಬೇಕು.

ಪ್ಲಾಟಿಪಸ್‌ನ ತವರು ಆಸ್ಟ್ರೇಲಿಯಾದ ಪೂರ್ವಭಾಗ. ಉತ್ತರದಲ್ಲಿ ಕ್ವೀನ್ಸ್‌ಲ್ಯಾಂಡಿನ ಕುಕ್‌ಟೌನ್ ಆಸುಪಾಸಿನಿಂದ ಹಿಡಿದು ದಕ್ಷಿಣದ ಟ್ಯಾಸ್ಮೇನಿಯಾ ದ್ವೀಪದವರೆಗೆ ಅದು ವಾಸಿಸುತ್ತದೆ. ಒಂದು ಕಡೆ ಬೆಚ್ಚಗಿನ ಮಳೆಕಾಡಿನ ತೊರೆ, ಇನ್ನೊಂದು ಕಡೆ ಹಿಮ ಬೀಳುವ ಬೆಟ್ಟಗಳ ಹೊಳೆ. ಹವೆ ಹೇಗೇ ಇರಲಿ, ಸಿಹಿನೀರು ಮತ್ತು ಗಟ್ಟಿಯಾದ ಮಣ್ಣಿನ ದಡ ಇದ್ದರಾಯಿತು.

ಏಕೆಂದರೆ ಅದಕ್ಕೆ ನೀರು ಊಟದ ಮನೆ, ದಡ ಮಲಗುವ ಮನೆ. ನೀರಿನಲ್ಲಿ ಮುಳುಗಿದಾಗ ಅದರ ಕಣ್ಣು, ಕಿವಿ, ಮೂಗು ಮೂರೂ ಮುಚ್ಚಿರುತ್ತವೆ. ಸೀಗಡಿಯೋ ಕೀಟದ ಮರಿಯೋ ಮೈ ಅಲುಗಿಸಿದಾಗ ಹುಟ್ಟುವ ಅತಿಸೂಕ್ಷ್ಮ ವಿದ್ಯುತ್ತನ್ನು ಕೊಕ್ಕಿನಲ್ಲಿರುವ ಸುಮಾರು 40,000 ಗ್ರಾಹಕಗಳು ಗುರುತಿಸುತ್ತವೆ. ಹೊಟ್ಟೆ ತುಂಬಿದ ಮೇಲೆ ಅದು ದಡದಲ್ಲಿ ತೋಡಿದ ಬಿಲಕ್ಕೆ ಮರಳುತ್ತದೆ. ಹೆಣ್ಣು ಪ್ಲಾಟಿಪಸ್ ಉದ್ದವಾದ ಬಿಲ ಕೊರೆದು, ಒಳಗೆ ಸಾಮಾನ್ಯವಾಗಿ ಎರಡು ಮೊಟ್ಟೆ ಇಟ್ಟು, ಮರಿಗಳಿಗೆ ಮೂರು ನಾಲ್ಕು ತಿಂಗಳು ಹಾಲೂಡಿಸುತ್ತದೆ.

ಈ ಬಿಲ ಕುಸಿಯದಂತೆ ಮಣ್ಣನ್ನು ಹಿಡಿದಿಡುವುದು ದಡದ ಮರಗಳ ಬೇರು. ಅವುಗಳಿಂದ ಉದುರುವ ಎಲೆಯೇ ನೀರಿನ ಹುಳುಹುಪ್ಪಟೆಗೆ ಆಹಾರ. ಆ ಹುಳುಗಳು ಪ್ಲಾಟಿಪಸ್‌ಗೆ ಆಹಾರ. ಮರ ಕಡಿದರೆ, ದನಗಳು ದಡ ತುಳಿದರೆ, ಊಟದ ಮನೆ, ಮಲಗುವ ಮನೆ ಎರಡೂ ಹಾಳು. ಅಣೆಕಟ್ಟು, ಬರಗಾಲಗಳ ಪೆಟ್ಟು ಬೇರೆ. 2019-20ರಲ್ಲಿ ಬರ, ಕಾಳ್ಗಿಚ್ಚು ಒಟ್ಟಿಗೇ ಬಂದಾಗ ಹಲವು ತೊರೆಗಳು ಬತ್ತಿದವು. ಅದಕ್ಕೂ ಮೊದಲೇ, 2016ರಲ್ಲಿ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯದ ಅಂಚಿಗೆ ಬಂದ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು.

ಆದರೂ ಆಶಾದಾಯಕವಾದ ಸುದ್ದಿಯೊಂದಿದೆ. ಸಿಡ್ನಿಯ ದಕ್ಷಿಣಕ್ಕಿರುವ ರಾಯಲ್ ರಾಷ್ಟ್ರೀಯ ಉದ್ಯಾನದಲ್ಲಿ 1970ರ ದಶಕದ ನಂತರ ಪ್ಲಾಟಿಪಸ್ ಕಣ್ಮರೆಯಾಗಿತ್ತು. 2023ರಲ್ಲಿ ವಿಜ್ಞಾನಿಗಳು ಬೇರೆಡೆಯಿಂದ ಕೆಲವನ್ನು ತಂದು ಅಲ್ಲಿನ ಹೊಳೆಗೆ ಬಿಟ್ಟರು. ಮುಂದೆ ಅಲ್ಲಿಯೇ ಹುಟ್ಟಿದ ಮರಿಯೂ ಸಿಕ್ಕಿತು. ಪ್ರಾಣಿಯನ್ನು ಹೊತ್ತು ತರಬಹುದು. ದಡವನ್ನು ಹಾಗೆ ಹೊತ್ತು ತರಲು ಬರುವುದಿಲ್ಲ. ಅಲ್ಲಿ ಮರ ನಿಂತಿತ್ತು, ಹೊಳೆ ಹರಿಯುತ್ತಿತ್ತು. ಹಾಗಾಗಿಯೇ ಅದು ಮತ್ತೆ ಮನೆ ಮಾಡಿತು.