ಕಣ್ಣು ಕಟ್ಟಿಕೊಂಡ ಒಡೆತನ

‘ಬ್ಲೈಂಡ್ ಟ್ರಸ್ಟ್’ ಎಂಬ ಮಾತು ವಾರ್ತೆಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಪದಕ್ಕೆ ಪದವಿಟ್ಟು ‘ಕುರುಡು ನಂಬಿಕೆ’ ಎಂದು ಅರ್ಥ ಹೇಳಿದರೆ ಅನರ್ಥವಾದೀತು. ಇಲ್ಲಿ ಟ್ರಸ್ಟ್ ಎಂದರೆ ನ್ಯಾಸ. ಒಬ್ಬರ ಹಿತಕ್ಕಾಗಿ ಮತ್ತೊಬ್ಬರ ವಶಕ್ಕೆ ಒಪ್ಪಿಸಿದ ಆಸ್ತಿ. ಆದಕಾರಣ ಇದನ್ನು ಕುರುಡು ನ್ಯಾಸವೆಂದು ಕರೆಯೋಣ.

ಆದರೆ ಕುರುಡು ಯಾರದು? ಆಸ್ತಿಯನ್ನು ನೋಡಿಕೊಳ್ಳುವವನದಲ್ಲ, ಒಡೆಯನದು. ಅದೂ ಧೃತರಾಷ್ಟ್ರನ ಹುಟ್ಟುಕುರುಡಲ್ಲ. ಗಾಂಧಾರಿಯಂತೆ ತಾನಾಗಿ ಕಟ್ಟಿಕೊಂಡ ಪಟ್ಟಿ.

ನಮ್ಮ ನಾಡಿಗೆ ಇದರ ನೆಂಟ ಹೊಸಬನಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ‘ಮಿತಾಕ್ಷರಾ’ ರಚಿಸಿದನು. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಈ ವ್ಯಾಖ್ಯಾನದಲ್ಲಿ ‘ಉಪನಿಧಿ’ಯ ವಿಚಾರ ಬರುತ್ತದೆ. ವಸ್ತುವನ್ನು ಪೆಟ್ಟಿಗೆಯಲ್ಲಿಟ್ಟು, ಮುದ್ರೆಯೊತ್ತಿ, ಒಳಗೇನಿದೆಯೆಂದು ಹೇಳದೆ ಒಪ್ಪಿಸಿದರೆ ಅದು ಉಪನಿಧಿ. ಪಡೆದವನು ಅದನ್ನು ಹಾಗೆಯೇ ಹಿಂದಿರುಗಿಸಬೇಕು. ಅಲ್ಲಿ ಪಡೆದವನಿಗೆ ಒಳಗಿನದು ತಿಳಿಯದು. ಕುರುಡು ನ್ಯಾಸದಲ್ಲಿ ಕೊಟ್ಟವನಿಗೇ ತಿಳಿಯದು.

ಇದರ ಅಗತ್ಯವೇನು? ಸಕ್ಕರೆ ಕಾರ್ಖಾನೆಯ ಷೇರುಗಳುಳ್ಳವನೊಬ್ಬ ಮಂತ್ರಿಯಾದನೆನ್ನಿ. ರೈತರ ಕಬ್ಬಿನ ಬಾಕಿಯ ಕಡತ ಅವನ ಮುಂದೆ ಬರುತ್ತದೆ. ಅವನು ಪ್ರಾಮಾಣಿಕನೇ ಇರಬಹುದು. ಆದರೂ ಅವನ ತೀರ್ಮಾನವನ್ನು ರೈತನು ಸಂಶಯವಿಲ್ಲದೆ ಒಪ್ಪುವುದು ಹೇಗೆ? ಷೇರುಗಳನ್ನು ತನ್ನ ಹಂಗಿಲ್ಲದ ನ್ಯಾಸಧಾರಿಗೆ ಒಪ್ಪಿಸಿ, ಯಾವುದನ್ನು ಮಾರಿದೆ, ಯಾವುದನ್ನು ಕೊಂಡೆ ಎಂದು ಕೇಳದೆ ಇರುವುದೇ ಕುರುಡು ನ್ಯಾಸದ ಉಪಾಯ. ಅಮೆರಿಕೆಯಲ್ಲಿ 1978ರ ಕಾಯಿದೆಯು ಇದಕ್ಕೆ ಕಟ್ಟಳೆಗಳನ್ನು ವಿಧಿಸಿತು. ಮೊದಲಿಗೆ ಇಟ್ಟ ಆಸ್ತಿ ಮಾರಿಹೋದರೆ ಒಡೆಯನಿಗೆ ತಿಳಿಸಬೇಕು. ಅದರ ಬದಲಿಗೆ ಕೊಂಡದ್ದನ್ನು ತಿಳಿಸಕೂಡದು.

ಕಣ್ಣು ಕಟ್ಟಿಕೊಂಡವನಿಗೆ ನಷ್ಟವೂ ಒದಗೀತು. 1977ರಲ್ಲಿ ಅಮೆರಿಕೆಯ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ತಮ್ಮ ಶೇಂಗಾ ವ್ಯಾಪಾರವನ್ನು ಇಂಥ ನ್ಯಾಸಕ್ಕೆ ಒಪ್ಪಿಸಿದರು. 1981ರಲ್ಲಿ ಅಧಿಕಾರ ಬಿಟ್ಟು ಬಂದಾಗ ಅದರ ಮೇಲೆ ಸುಮಾರು 10 ಲಕ್ಷ ಡಾಲರುಗಳ ಸಾಲವಿತ್ತು! ವ್ಯಾಪಾರವನ್ನೇ ಮಾರಬೇಕಾಯಿತು.

ನಮ್ಮಲ್ಲಿ 1882ರ ಭಾರತೀಯ ನ್ಯಾಸ ಕಾಯಿದೆಯ ದಾರಿ ಬೇರೆ. ನ್ಯಾಸಧಾರಿಯು ಸಾಮಾನ್ಯ ವಿವೇಕಿಯೊಬ್ಬನು ತನ್ನ ಆಸ್ತಿಯ ವಿಷಯದಲ್ಲಿ ತೋರುವಷ್ಟು ಎಚ್ಚರವನ್ನು ತೋರಬೇಕು, ಲೆಕ್ಕ ಇಡಬೇಕು. ಫಲ ಪಡೆಯುವವನು ಅದನ್ನು ಕೇಳಿ ನೋಡಬಹುದು. ಅಂದರೆ ಇಲ್ಲಿ ನೋಡುವುದೇ ಹಕ್ಕು. ನೋಡದಿರುವುದು ಸ್ವಂತ ವ್ರತ. ಮಂತ್ರಿಗಳಿಗಾಗಿ 1964ರಲ್ಲಿ ಮಾಡಿದ ನಡವಳಿಕೆ ಸಂಹಿತೆಯು ಕುರುಡು ನ್ಯಾಸವನ್ನು ಕಡ್ಡಾಯ ಮಾಡಿಲ್ಲ. ವ್ಯವಹಾರದ ಆಡಳಿತವನ್ನು ಬಿಡಬೇಕು. ಸಾಮಾನ್ಯವಾಗಿ ಒಡೆತನ ಬಿಡಬೇಕಾಗಿಲ್ಲ. ಮೊದಲಿನಿಂದ ಆ ವ್ಯವಹಾರದಲ್ಲಿದ್ದ ವಯಸ್ಕ ಬಂಧುವಿಗೆ, ಗಂಡ ಹೆಂಡತಿಯನ್ನುಳಿದು, ಅದನ್ನು ವಹಿಸಬಹುದು. ಆದರೆ ದೀಪಾವಳಿಗೆ ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಉಣ್ಣಲು ಕುಳಿತಾಗ ಕಣ್ಣಿನ ಪಟ್ಟಿ ಎಷ್ಟು ಬಿಗಿಯಾಗಿ ಉಳಿದೀತು?

ಇನ್ನೊಂದು ಮಿತಿಯನ್ನು ನಾವು ಊರಿನವರು ಚೆನ್ನಾಗಿ ಬಲ್ಲೆವು. ಷೇರುಗಳನ್ನು ಒಡೆಯನಿಗೆ ತಿಳಿಯದಂತೆ ಬದಲಿಸಬಹುದು. ಭೂಮಿಯನ್ನು ಹಾಗೆ ಮರೆಸುವುದು ಕಷ್ಟ. ಬೆಳಗಾವಿಯ ನೆಹರು ನಗರದಲ್ಲಿ, ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಸಮೀಪ, ನಗರಸೇವಕನೊಬ್ಬನ ಪ್ಲಾಟು ಇದೆಯೆಂದು ಊಹಿಸಿಕೊಳ್ಳಿ. ಅದನ್ನು ಎಂಥ ನ್ಯಾಸದಲ್ಲಿಟ್ಟರೂ, ಮಾರುವ ತನಕ ಅದು ಎಲ್ಲಿದೆ, ಹೊಸ ರಸ್ತೆ ಅದರ ಮಗ್ಗುಲಲ್ಲಿ ಹಾದರೆ ಬೆಲೆ ಎಷ್ಟು ಏರೀತು ಎಂಬುದು ಅವನಿಗೆ ತಿಳಿದೇ ಇರುತ್ತದೆ. ಅಲ್ಲಿ ಮುಚ್ಚುವುದಕ್ಕಿಂತ ತೆರೆಯುವುದೇ ಮೇಲು: “ಇದು ನನ್ನದು” ಎಂದು ಸಭೆಯಲ್ಲಿ ಹೇಳಿ, ಆ ವಿಷಯ ಚರ್ಚೆಗೆ ಬಂದಾಗ ಎದ್ದು ಹೊರಗೆ ಹೋಗುವುದು.

ಆದ್ದರಿಂದ, ಯಾರಾದರೂ “ನನ್ನ ಆಸ್ತಿಯೆಲ್ಲ ನ್ಯಾಸದಲ್ಲಿದೆ” ಎಂದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಮೂರು ಪ್ರಶ್ನೆ ಕೇಳಿ: ನ್ಯಾಸಧಾರಿ ಅವರ ನೆಂಟನೋ ಪರನೋ? ಒಳಗಿನ ಆಸ್ತಿ ಬದಲಾಗಬಲ್ಲುದೋ ಇಲ್ಲವೋ? ಏನನ್ನು ಒಪ್ಪಿಸಿದರೆಂಬುದನ್ನು ಒಪ್ಪಿಸುವ ಮುನ್ನ ಜನರ ಮುಂದೆ ಹೇಳಿದರೋ? ಒಡೆಯನು ಕಣ್ಣು ಕಟ್ಟಿಕೊಳ್ಳಲಿ, ಅದು ಒಳ್ಳೆಯದೇ. ನಾಗರಿಕರು ಮಾತ್ರ ಕಣ್ಣು ತೆರೆದಿರಬೇಕು.