‘ಗ್ರೂಪಲ್ಲಿ ಹಾಕಿದ್ದೆ’ ಅಂದ್ರೆ ಸಾಕಾ?

ಇವತ್ತಿನ ಸಂಚಿಕೆ ನನ್ನ 12,000 ರೂಪಾಯಿ ಬಗ್ಗೆ. ಹೋದ ದುಡ್ಡು ಅಂತ ಮೊದಲೇ ಹೇಳಿಬಿಡ್ತೀನಿ.

ಕಳೆದ ವರ್ಷ ಒಂದು ಸಣ್ಣ ಸಂಸ್ಥೆಯವರು ನಮ್ಮ ಪಾಡ್‌ಕಾಸ್ಟ್‌ನ ಮೂರು ಸಂಚಿಕೆಗೆ ಜಾಹೀರಾತು ಕೊಡ್ತೀವಿ ಅಂದ್ರು. ಅವರ ಕಡೆಯಿಂದ ಇಬ್ಬರು, ಈ ಕಡೆ ನಾನು ಮತ್ತು ಎಡಿಟಿಂಗ್ ಮಾಡೋ ಗೆಳೆಯ. ತಕ್ಷಣ ಒಂದು ವಾಟ್ಸ್ಆ್ಯಪ್ ಗ್ರೂಪ್ ಆಯ್ತು. ರೇಟೂ ಅಲ್ಲೇ ಮಾತಾಯ್ತು, ಸಂಚಿಕೆಗೆ 6,000. ಅವರು ವಾಯ್ಸ್ ನೋಟ್‌ನಲ್ಲಿ ‘ಓಕೆ, ಶುರು ಮಾಡಿ’ ಅಂದ್ರು. ಹಿಂದಿನವರು ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ರಲ್ಲ, ನಾನು ಎಮೋಜಿ ಹೆಬ್ಬೆಟ್ಟು ಒತ್ತಿದೆ.

ಮೂರೂ ಸಂಚಿಕೆ ಹೋದವು. ಬಿಲ್ ಕಳಿಸಿದೆ. ‘ಮೂರಕ್ಕೂ ಸೇರಿ ಆರು ಸಾವಿರ ಅಂತಲ್ವಾ ಮಾತಾಗಿದ್ದು?’ ಅಂತ ಉತ್ತರ ಬಂತು. ಗ್ರೂಪ್ ತೆಗೆದು ಮೇಲಕ್ಕೆ ಸ್ಕ್ರೋಲ್ ಮಾಡಿದೆ. ರೇಟೂ ಇಲ್ಲ, ವಾಯ್ಸ್ ನೋಟೂ ಇಲ್ಲ. ಡಿಸಪಿಯರಿಂಗ್ ಮೆಸೇಜ್ 7 ದಿನಕ್ಕೆ ಆನ್ ಆಗಿತ್ತು. ಆನ್ ಮಾಡಿದಾಗ ಗ್ರೂಪಲ್ಲೇ ಒಂದು ಸಾಲಿನ ಸೂಚನೆ ಬರುತ್ತೆ. ನಾನು ನೋಡಿದ್ದೆ, ತಲೆ ಕೆಡಿಸ್ಕೊಂಡಿರಲಿಲ್ಲ. ಅವರು ಸುಳ್ಳು ಹೇಳಿದ್ರಾ, ನಿಜವಾಗ್ಲೂ ಮರೆತಿದ್ರಾ, ಇವತ್ತಿಗೂ ನನಗೆ ಗೊತ್ತಿಲ್ಲ.

ಬಿಕಾಂನಲ್ಲಿ ಮೂರು ವರ್ಷ ‘ವೋಚರ್ ಇಲ್ಲದೆ ಎಂಟ್ರಿ ಇಲ್ಲ’ ಅಂತ ಓದಿದವನು ನಾನು!

ಕಾನೂನೇನೋ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 10ಎ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಗಿದೆ ಅನ್ನೋ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗಲ್ಲ. ಚಾಟನ್ನ ಕೋರ್ಟಿಗೆ ಸಾಕ್ಷ್ಯವಾಗಿ ಕೊಡೋದಾದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರಂತೆ ಪ್ರಮಾಣಪತ್ರ ಬೇಕು. ಆದ್ರೆ ಮೆಸೇಜೇ ಇಲ್ಲದಿದ್ರೆ ಪ್ರಮಾಣಪತ್ರ ಯಾವುದಕ್ಕೆ?

ವಾಟ್ಸ್ಆ್ಯಪ್ ಬಿಟ್ಟು ಬೇರೆ ಕಡೆ ಹೋಗೋಣ ಅಂದ್ರೂ ಕಥೆ ಅದೇ. ಸ್ಲ್ಯಾಕ್ ಉಚಿತ ಪ್ಲಾನ್‌ನಲ್ಲಿ 90 ದಿನಕ್ಕಿಂತ ಹಳೆಯ ಮೆಸೇಜ್ ಕಾಣಲ್ಲ, ವರ್ಷ ದಾಟಿದ್ದು ಅಳಿಸಿಹೋಗುತ್ತೆ. ಡಿಸ್ಕಾರ್ಡ್ 2015ರಲ್ಲಿ ಬಂದಿದ್ದೇ ಗೇಮ್ ಆಡೋರಿಗಾಗಿ. ಅಲ್ಲಿ ಸರ್ವರ್ ಮಾಲೀಕ ಸರ್ವರ್ ಅಳಿಸಿದ್ರೆ ಎಲ್ಲರ ಮಾತೂ ಹೋಯ್ತು. ಇವೆಲ್ಲ ಮಾತಾಡೋ ಕಟ್ಟೆಗಳು, ಕಪಾಟುಗಳಲ್ಲ.

ಹಾಗಂತ ಗ್ರೂಪ್ ಬಿಡಿ ಅಂತ ನಾನು ಹೇಳಲ್ಲ. ಗಿರಾಕಿ ಇರೋದೇ ಅಲ್ಲಿ. ನಾನೂ ಬಿಟ್ಟಿಲ್ಲ. ಬದಲಾಗಿದ್ದು ಒಂದೇ ಅಭ್ಯಾಸ: ಮಾತು ಮುಗಿದ ದಿನವೇ ಐದು ಸಾಲಿನ ಇಮೇಲ್ ಕಳಿಸ್ತೀನಿ. ಏನು ಕೆಲಸ, ಎಷ್ಟು ರೇಟು, ಜಿಎಸ್‌ಟಿ ಸೇರಿದೆಯಾ ಇಲ್ವಾ, ಯಾವತ್ತು ಮುಗಿಸಬೇಕು, ದುಡ್ಡು ಯಾವತ್ತು. ‘ಒಪ್ಪಿಗೆ’ ಅಂತ ಉತ್ತರ ಬಂದ್ಮೇಲೇ ರೆಕಾರ್ಡಿಂಗ್.

‘ನಂಬಿಕೆ ಇಲ್ವಾ?’ ಅಂತ ಕೇಳೋರೂ ಇದ್ದಾರೆ. ನಮ್ಮ ಬೀದಿ ಕಿರಾಣಿ ಅಂಗಡಿಯವರು ಉದ್ರಿ ಕೊಟ್ಟಾಗ ಅವರ ಪುಸ್ತಕದಲ್ಲೂ ಬರೀತಿದ್ರು, ನಮ್ಮ ಪುಟ್ಟ ಪುಸ್ತಕದಲ್ಲೂ ಬರೀತಿದ್ರು. ಅಮ್ಮ ಅದನ್ನ ಅಪನಂಬಿಕೆ ಅಂತ ಯಾವತ್ತೂ ಅಂದುಕೊಳ್ಳಲಿಲ್ಲ. ಎರಡೂ ಕಡೆ ಬರೆದಿದ್ದಕ್ಕೇ ಜಗಳ ಇರಲಿಲ್ಲ.

ಗೆಳೆಯನ ಪಾಲನ್ನ ನನ್ನ ಕೈಯಿಂದ ಕೊಟ್ಟೆ. ಹೊಸ ಮೈಕ್ ತಗೋಬೇಕು ಅಂದ್ಕೊಂಡಿದ್ದೆ. ನೀವೀಗ ಕೇಳ್ತಿರೋದು ಹಳೇ ಮೈಕಿನದೇ ದನಿ.

ಇವತ್ತು ರಾತ್ರಿ ನಿಮ್ಮ ವ್ಯವಹಾರದ ಗ್ರೂಪ್ ತೆಗೆದು ಸೆಟ್ಟಿಂಗ್ಸ್ ಒಮ್ಮೆ ನೋಡಿ. ಮುಂದಿನ ವಾರ ಸಿಗೋಣ.