ಎಣಿಸುವ ಕೈ, ಹಿಡಿಯುವ ಕೈ

ನಮ್ಮ ಹಿರಿಯರು ಜನಗಣತಿಯನ್ನು ಖಾನೇಷುಮಾರಿ ಎನ್ನುತ್ತಿದ್ದರು. ಮನೆಮನೆಯ ಲೆಕ್ಕ ಎಂದು ಆ ಮಾತಿನ ಅರ್ಥ. ಮನೆಯಲ್ಲಿ ಎಷ್ಟು ಜನ ಇದ್ದೀರಿ ಎಂದು ಕೇಳುವುದು ಒಂದು ಪ್ರಶ್ನೆ. ಇವರಲ್ಲಿ ಈ ನಾಡಿನವರು ಯಾರು, ಹೊರಗಿನವರು ಯಾರು ಎಂದು ಕೇಳುವುದು ಬೇರೆಯೇ ಒಂದು ಪ್ರಶ್ನೆ. ಮೊದಲನೆಯದಕ್ಕೆ ಮನೆಯಾಕೆ ಅಡುಗೆಮನೆಯಿಂದಲೇ ಉತ್ತರ ಹೇಳಿಬಿಡುತ್ತಾಳೆ. ಎರಡನೆಯದು ಕಿವಿಗೆ ಬಿದ್ದೊಡನೆ, ಕೇಳುವವರು ಯಾರು, ಏತಕ್ಕೆ ಎಂಬ ಮರುಪ್ರಶ್ನೆ ಹುಟ್ಟುತ್ತದೆ. ಈ ಎರಡನೆಯ ಪ್ರಶ್ನೆಯ ಚರಿತ್ರೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಂಡಷ್ಟು ಸ್ಪಷ್ಟವಾಗಿ ನಾನು ಬೇರೆಡೆ ಕಂಡಿಲ್ಲ. ಆದಕಾರಣ ಆ ದೇಶದ ಕಥೆಯನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಹತ್ತು ವರ್ಷಕ್ಕೊಮ್ಮೆ ಜನರನ್ನು ಎಣಿಸಬೇಕೆಂದು ಅಮೆರಿಕದ ಸಂವಿಧಾನವೇ ವಿಧಿಸಿದೆ. ಮೊದಲ ಎಣಿಕೆ ನಡೆದದ್ದು 1790ರಲ್ಲಿ. ಪೌರತ್ವ ಪಡೆಯದ ಪರದೇಶದವರೆಷ್ಟು ಎಂಬ ವಿಚಾರಣೆ 1820ರಲ್ಲಿ ಸೇರಿತು. ಮುಂದೆ ಕೆಲವು ಗಣತಿಗಳಲ್ಲಿ ಉಳಿದು, ಕೆಲವುಗಳಲ್ಲಿ ಬಿಟ್ಟುಹೋಗಿ, 1950ರ ತರುವಾಯ ಎಲ್ಲರನ್ನೂ ಕೇಳುವ ಪಟ್ಟಿಯಿಂದ ಅದು ಮರೆಯಾಯಿತು. ಹಾಗೆಂದು ಸರ್ಕಾರಕ್ಕೆ ಈ ಮಾಹಿತಿಯ ಅಭಾವವಿದೆ ಎಂದು ಭಾವಿಸಬಾರದು. ಈಗ ಪ್ರತಿವರ್ಷ ಸುಮಾರು 35 ಲಕ್ಷ ವಿಳಾಸಗಳನ್ನು ಆಯ್ದು ನಡೆಸುವ ಸಮೀಕ್ಷೆಯಲ್ಲಿ ಪೌರತ್ವವನ್ನೂ ಕೇಳುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕಲ್ಲವೇ?

ಅಂಕಿಅಂಶ ವಲಸೆಯ ನೀತಿಯನ್ನು ಹೇಗೆ ರೂಪಿಸುತ್ತದೆ ಎಂಬುದಕ್ಕೆ 1924ರ ಶಾಸನಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಅದಕ್ಕೆ ಮೂರು ವರ್ಷ ಮುನ್ನ, 1921ರಲ್ಲಿ, ಒಂದು ಮಿತಿ ಬಂದಿತ್ತು. 1910ರ ಗಣತಿಯಲ್ಲಿ ಒಂದೊಂದು ದೇಶದಿಂದ ಬಂದು ನೆಲೆಸಿದವರು ಎಷ್ಟಿದ್ದರೋ ಅದರ ನೂರಕ್ಕೆ ಮೂರರಷ್ಟು ಜನಕ್ಕೆ ಮಾತ್ರ ವರ್ಷಕ್ಕೆ ಪ್ರವೇಶ. ಅದರಿಂದಲೂ ಕೆಲವರಿಗೆ ತೃಪ್ತಿಯಾಗಲಿಲ್ಲ. ಇಟಲಿಯವರು, ಪೋಲೆಂಡಿನವರು, ಪೂರ್ವ ಯೂರೋಪಿನ ಯೆಹೂದ್ಯರು ಇನ್ನೂ ಹೆಚ್ಚಾಗಿಯೇ ಬರುತ್ತಿದ್ದಾರೆ ಎಂಬುದು ಅವರ ಅಳಲು. 1924ರಲ್ಲಿ ಮೂರನ್ನು ಎರಡಕ್ಕೆ ಇಳಿಸಿದರು. ಜೊತೆಗೆ 1910ರ ಗಣತಿಯನ್ನು ಬದಿಗಿಟ್ಟು 1890ರ ಗಣತಿಯನ್ನು ಆಧಾರವಾಗಿ ಹಿಡಿದರು. ಈ ಜನರಲ್ಲಿ ಹೆಚ್ಚಿನವರು ಬಂದದ್ದೇ 1890ರ ಅನಂತರ! ಇಟಲಿಯ ಪಾಲು ಸುಮಾರು 42,000ದಿಂದ 3,845ಕ್ಕೆ ಕುಸಿಯಿತು. ಜರ್ಮನಿಗೆ 51,227 ದೊರಕಿತು. ಒಂದೇ ಒಂದು ಅಂಕಿಯನ್ನೂ ತಿದ್ದದೆ, ಯಾವ ವರ್ಷದ ಕಡತವನ್ನು ತೆರೆಯಬೇಕೆಂಬ ಆಯ್ಕೆಯಿಂದಲೇ ಲಕ್ಷಾಂತರ ಜನಕ್ಕೆ ಬಾಗಿಲು ಮುಚ್ಚಿತು. ಇನ್ನೊಂದು ವಿಚಿತ್ರವುಂಟು. ಆ 1890ರ ಗಣತಿಯ ಮೂಲ ಹಾಳೆಗಳಲ್ಲಿ ಬಹುಪಾಲು 1921ರಲ್ಲಿ ವಾಷಿಂಗ್ಟನ್ನಿನ ಬೆಂಕಿಗೂ, ಬೆಂಕಿ ಆರಿಸಿದ ನೀರಿಗೂ ಸಿಕ್ಕಿ ಹಾಳಾಗಿದ್ದವು. ಅಚ್ಚಾದ ಕೋಷ್ಟಕಗಳಷ್ಟೇ ಉಳಿದಿದ್ದವು. ಕಾನೂನಿಗೆ ಅಷ್ಟು ಸಾಲದೇ!

ಮುಂದೆ 1929ರಲ್ಲಿ ಜಾರಿಗೆ ಬಂದ ಸೂತ್ರ, 1920ರ ಜನಸಂಖ್ಯೆಯ ಮೂಲ ಯಾವ ಯಾವ ದೇಶ ಎಂದು ಲೆಕ್ಕ ಹಾಕಿತು. ಲೆಕ್ಕ ಹಾಕುವಾಗ ಗುಲಾಮರ ಸಂತತಿಯವರನ್ನೂ, ಆ ನೆಲದ ಮೂಲನಿವಾಸಿಗಳನ್ನೂ, ಪೌರತ್ವಕ್ಕೆ ಅರ್ಹರಲ್ಲವೆಂದ ಏಷ್ಯದವರನ್ನೂ ಕೈಬಿಟ್ಟಿತು. ನೆಲದ ಒಡೆಯರೇ ಆ ನೆಲದ ಲೆಕ್ಕದಲ್ಲಿ ಇಲ್ಲ.

ಏಷ್ಯದವರು ಎಂದೆನಲ್ಲ, ಅವರಲ್ಲಿ ನಮ್ಮವರೂ ಇದ್ದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬ ಸಿಖ್ಖರು ಪೌರತ್ವಕ್ಕಾಗಿ ಹೋರಾಡಿದಾಗ, ಅವರು ಬಿಳಿಯರಲ್ಲವೆಂದು 1923ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ತರುವಾಯದ 1930 ಹಾಗೂ 1940ರ ಗಣತಿಗಳಲ್ಲಿ ಭಾರತೀಯರೆಲ್ಲರಿಗೂ ಒಂದೇ ಜನಾಂಗದ ಹೆಸರು: ಹಿಂದೂ. ಕ್ಯಾಲಿಫೋರ್ನಿಯದ ಹೊಲದಲ್ಲಿ ದುಡಿಯುತ್ತಿದ್ದ ಸಿಖ್ಖನೂ ಹಿಂದೂ, ಮುಸಲ್ಮಾನನೂ ಹಿಂದೂ. ಬರೆದುಕೊಳ್ಳುವವನಿಗೆ ಬೇಕಾದದ್ದು ಅವರ ಧರ್ಮವಲ್ಲ, ತನ್ನ ಕೋಷ್ಟಕಕ್ಕೊಂದು ಅಂಕಣ. 1946ರ ಶಾಸನ ಪೌರತ್ವದ ಹಾದಿಯನ್ನು ತೆರೆದಾಗ ಭಾರತಕ್ಕೆ ದೊರೆತ ಪಾಲು ವರ್ಷಕ್ಕೆ 100 ಜನ.

ಆದರೆ ಭಯದ ಬೇರು ಇರುವುದು 1942ರಲ್ಲಿ. ಜಪಾನಿನೊಡನೆ ಯುದ್ಧ ಮೊದಲಾದ ಮೇಲೆ, ಪಶ್ಚಿಮ ಕರಾವಳಿಯಿಂದ ಜಪಾನ್ ಮೂಲದ ಸುಮಾರು 1,20,000 ಜನರನ್ನು ಎಬ್ಬಿಸಿ ಶಿಬಿರಗಳಿಗೆ ಸಾಗಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪೌರರು. ಅವರು ಯಾವ ಊರಿನ ಯಾವ ಭಾಗದಲ್ಲಿ ಎಷ್ಟೆಷ್ಟು ಮಂದಿ ಇದ್ದಾರೆಂಬ ಕೋಷ್ಟಕಗಳನ್ನು ಸೇನೆಗೆ ಒದಗಿಸಿದ್ದು ಗಣತಿಯ ಇಲಾಖೆ. ಎರಡು ವರ್ಷ ಹಿಂದೆ ಬಾಗಿಲಿಗೆ ಬಂದವನಿಗೆ ನಂಬಿಕೆಯಿಂದ ಹೇಳಿದ ಉತ್ತರಗಳು ಅವು. ಗೋಪ್ಯತೆಯ ಕಾನೂನು ಅಂದೂ ಇತ್ತು; ಅದೇ ಮಾರ್ಚ್ ತಿಂಗಳಲ್ಲಿ ಯುದ್ಧಕಾಲದ ಶಾಸನವೊಂದು ಅದನ್ನು ಸಡಿಲಿಸಿತು. ಎಣಿಸುವ ಕೈ ಬೇರೆ, ಹಿಡಿಯುವ ಕೈ ಬೇರೆ ಆಗಿರಬೇಕು. ರಾಜ್ಯಕ್ಕೆ ತನ್ನ ಜನರ ವಿಚಾರ ತಿಳಿಯುವ ಹಕ್ಕಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ತಿಳಿದದ್ದು ಯಾರ ಮೇಜಿಗೆ ಹೋಗುತ್ತದೆ ಎಂಬುದೇ ನನ್ನ ಆತಂಕ.

2018ರ ಮಾರ್ಚಿನಲ್ಲಿ ವಾಣಿಜ್ಯ ಸಚಿವ ವಿಲ್ಬರ್ ರಾಸ್ ಅವರು 2020ರ ಗಣತಿಯಲ್ಲಿ ಪ್ರತಿಯೊಬ್ಬರ ಪೌರತ್ವವನ್ನೂ ಕೇಳಲಾಗುವುದೆಂದು ಪ್ರಕಟಿಸಿದಾಗ ಈ ಹಳೆಯ ನೆನಪೆಲ್ಲ ಮೇಲೆದ್ದಿತು. ಮತದಾನದ ಹಕ್ಕನ್ನು ಕಾಪಾಡಲು ಇದು ಬೇಕೆಂದು ಅವರ ಕಾರಣ. ಹೀಗೆ ಕೇಳಿದರೆ ಅನೇಕ ಮನೆಗಳು ಉತ್ತರವನ್ನೇ ಕೊಡಲಾರವೆಂದು ಗಣತಿಯ ತಜ್ಞರೇ ಎಚ್ಚರಿಸಿದ್ದರು. ಮುಂದಿಟ್ಟ ಕಾರಣ ನಿಜವಾದ ಕಾರಣವಲ್ಲ, ಕಟ್ಟಿದ್ದು ಎಂದು ಕಂಡು, 2019ರ ಜೂನ್ 27ರಂದು ಸರ್ವೋಚ್ಚ ನ್ಯಾಯಾಲಯ ತಡೆಯಿತು. ಎರಡು ವಾರದಲ್ಲಿ ಅಧ್ಯಕ್ಷ ಟ್ರಂಪ್ ಇನ್ನೊಂದು ದಾರಿ ಹಿಡಿದರು. ಜನರನ್ನು ಕೇಳುವುದು ಬೇಡ. ಇಲಾಖೆಗಳಲ್ಲಿ ಈಗಾಗಲೇ ಇರುವ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ ಪೌರರು ಯಾರು, ಅಲ್ಲದವರು ಯಾರು ಎಂದು ತಿಳಿಯಿರಿ ಎಂದು ಜುಲೈ 11ರ ಆಜ್ಞೆ. ವಲಸೆಯ ನೀತಿಗೆ ಈ ಲೆಕ್ಕ ಅಗತ್ಯವೆಂದು ಅದರಲ್ಲಿ ಬಾಯಿಬಿಟ್ಟೇ ಹೇಳಿತ್ತು. ಅದನ್ನು 2021ರ ಜನವರಿ 20ರಂದು ಅಧ್ಯಕ್ಷ ಬೈಡನ್ ರದ್ದುಮಾಡಿದರು. 2025ರ ಅದೇ ದಿನ, ಮರಳಿ ಬಂದ ಟ್ರಂಪ್ ಬೈಡನ್ನರ ಆಜ್ಞೆಯನ್ನು ರದ್ದುಮಾಡಿದರು.

ಬಾಗಿಲು ತಟ್ಟದೆ ದಾಖಲೆ ಜೋಡಿಸುವುದು ಸೌಮ್ಯವಾದ ಕ್ರಮವೆಂದು ತೋರೀತು. ನನಗೆ ಹಾಗೆ ತೋರುವುದಿಲ್ಲ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕೆಲಸಕ್ಕೆಂದು ಹೋದ ತರುಣನೊಬ್ಬ ಅಲ್ಲಿ ಇಳಿದ ಹೊಸತರಲ್ಲಿ ಸಾಮಾಜಿಕ ಭದ್ರತೆಯ ಸಂಖ್ಯೆ ಪಡೆಯುತ್ತಾನೆ. ಆ ಕಡತದಲ್ಲಿ ಅವನು ವಿದೇಶೀಯ. ಎಷ್ಟೋ ವರ್ಷಗಳ ಮೇಲೆ ಕೈಯೆತ್ತಿ ಪ್ರಮಾಣ ಮಾಡಿ ಅಮೆರಿಕದ ಪೌರನಾಗುತ್ತಾನೆ. ಆ ಸುದ್ದಿಯನ್ನು ತಾನೇ ಹೋಗಿ ತಿಳಿಸದಿದ್ದರೆ, ಹಳೆಯ ಕಡತ ಅವನನ್ನು ವಿದೇಶೀಯನೆಂದೇ ಹೇಳುತ್ತಿರಬಹುದು. ಮನೆಗೆ ಬಂದು ಕೇಳುವವನಿಗೆ, ಅಲ್ಲಪ್ಪಾ, ನಾನು ಈಗ ಇಲ್ಲಿಯವನೇ ಎಂದು ಉತ್ತರಿಸಬಹುದು. ಕಡತ ಕಡತವನ್ನು ಕೇಳುವ ಕಡೆ ಅವನ ದನಿಗೆ ಎಡೆಯೇ ಇಲ್ಲ.

ಮುಂದಿನ ಗಣತಿಯ ದಿನ 2030ರ ಏಪ್ರಿಲ್ 1. ಕೇಳಲಿರುವ ಪ್ರಶ್ನೆಗಳನ್ನು ಅದಕ್ಕೆ ಎರಡು ವರ್ಷ ಮೊದಲೇ ಅಲ್ಲಿನ ಸಂಸತ್ತಿನ ಮುಂದೆ ಇಡಬೇಕೆಂಬುದು ಕಾನೂನು. 2028ರ ವಸಂತದಲ್ಲಿ ಆ ಪಟ್ಟಿಯನ್ನು ನಮ್ಮವರ ಎಷ್ಟೋ ಮನೆಗಳು ಕಾದು ನೋಡುತ್ತವೆ.